ಕೈ ನಡುಗದ ರೈಟರ್

ರೈಟರ್‌ನ ಹೊಕ್ಕುಳಿನ ಎಡಕ್ಕೊಂದು, ಬಲಕ್ಕೊಂದು ಸಣ್ಣ ನಿಂಬೆಹಣ್ಣಿನ ಗಾತ್ರದ ಗಂಟುಗಳಿದ್ದವು. ಒತ್ತಿದರೆ ರಬ್ಬರಿನ ಹಾಗೆ ಒಳಗೆ ಸರಿಯುತ್ತಿದ್ದವು. ದಿನಕ್ಕೆರಡು ಸಲದಂತೆ ವರ್ಷಗಟ್ಟಲೆ ಅದೇ ಜಾಗಕ್ಕೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಬೆಳೆಸಿದ ಗಂಟುಗಳು ಅವು. ಚುಚ್ಚಿ ಚುಚ್ಚಿ ಮರಗಟ್ಟಿದ ಜಾಗದಲ್ಲಿ ನೋವಾಗುವುದಿಲ್ಲ, ಆದ್ದರಿಂದ ಮತ್ತೆ ಅಲ್ಲೇ. ನೂರಾರು ಆಳುಗಳ ಎದುರು ಎದೆ ಸೆಟೆಸಿಕೊಂಡು ಓಡಾಡುತ್ತಿದ್ದ ಗಂಡಸು ಒಂದು ಸೂಜಿಮೊನೆಗೆ ಹೆದರುತ್ತಿದ್ದ ಎಂಬುದು ಆ ಎಸ್ಟೇಟಿನಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಕಾಫಿ ಎಸ್ಟೇಟಿನಲ್ಲಿ ರೈಟರ್ ಎಂದರೆ ಹಾಜರಿ ಬರೆದುಕೊಂಡು ಆಳುಗಳ ಕೆಲಸ ನೋಡಿಕೊಳ್ಳುವವನು. ಮ್ಯಾನೇಜರ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಉಳಿದವರೆಲ್ಲರಿಗಿಂತ ಹತ್ತು ಮೆಟ್ಟಿಲು ಮೇಲೆ. ಪೊನ್ನಂಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಆ ಎಸ್ಟೇಟಿನ ಡಿಸ್ಪೆನ್ಸರಿಗೆ ನಾನು ನರ್ಸ್ ಆಗಿ ಸೇರಿದಾಗ ನನಗೆ ಇಪ್ಪತ್ತಾರು ವರ್ಷ. ನಾನು ಶನಿವಾರಸಂತೆಯ ಕಡೆಯವಳು. ಎದುರಿಗಿದ್ದಾಗ ಆತನನ್ನು ನಾನು ಬಹುವಚನದಲ್ಲೇ ಮಾತನಾಡಿಸಿದ್ದೇನೆ. ಇಲ್ಲಿ ಬರೆಯುವಾಗ ‘ಆತ’ ಎಂದೇ ಬರೆಯುತ್ತೇನೆ. ಅಷ್ಟು ಸ್ವಾತಂತ್ರ್ಯ ನನಗಿರಲಿ.

ಐವತ್ತೈದರ ಆಸುಪಾಸಿನ ವಯಸ್ಸು. ಬಣ್ಣ ಹಚ್ಚಿದ ಕೂದಲು, ಜೇಬಿನಲ್ಲಿ ಬಾಚಣಿಗೆ, ಕೊರಳಲ್ಲಿ ಸೀಟಿ, ಕಾಲಲ್ಲಿ ಗಂಬೂಟು. ಆಳುಗಳನ್ನು ಆತ ‘ಇವು’ ಎನ್ನುತ್ತಿದ್ದ. “ಇವು ಇವತ್ತು ಲೇಟು.” “ಇವಕ್ಕೆ ಹೇಳಿದ್ರೆ ತಿಳಿಯುದಿಲ್ಲ.” ಬೆಳಗಿನ ಹಾಜರಿಯಲ್ಲಿ ಹೆಂಗಸರನ್ನು ದನ ಎಣಿಸುವ ಹಾಗೆ ಬೆರಳು ಚಾಚಿ ಎಣಿಸುತ್ತಿದ್ದ. ಆದರೆ ಮ್ಯಾನೇಜರ್ ಕಾರು ಗೇಟಿನಲ್ಲಿ ಕಂಡ ಕ್ಷಣ ಆ ಸೆಟೆದ ಎದೆ ಗಾಳಿ ಬಿಟ್ಟ ಚೆಂಡಿನಂತಾಗುತ್ತಿತ್ತು. ಓಡಿಹೋಗಿ ಬಾಗಿಲು ತೆಗೆಯುತ್ತಿದ್ದ. ಮಳೆಯಿಲ್ಲದ ದಿನವೂ ಸಾಹೇಬರಿಗೆಂದು ಕೈಯಲ್ಲಿ ಕೊಡೆ. ಬಂಗಲೆಯ ನಾಯಿಗೂ ಆತ ‘ಗುಡ್ ಮಾರ್ನಿಂಗ್’ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಯಾರು ಏನು ಕಾಯಿಲೆ ಹೇಳಿಕೊಂಡರೂ ಆತನದು ಒಂದೇ ಉತ್ತರ: “ಅದೆಲ್ಲ ಮಂಡೆಯಲ್ಲಿ ಇರುದು ಮಾರಾಯ್ತಿ.” ಜ್ವರ ಮಂಡೆಯಲ್ಲಿ, ಬೆನ್ನುನೋವು ಮಂಡೆಯಲ್ಲಿ, ಆರು ತಿಂಗಳ ಬಸುರಿಗೆ ಬಂದ ತಲೆಸುತ್ತೂ ಮಂಡೆಯಲ್ಲಿ. ಆ ಬಸುರಿ ಗಿಡ ಹಿಡಿದುಕೊಂಡು ಕುಸಿದು ಕುಳಿತಾಗ ಎಲ್ಲರೆದುರು ಅವಳ ಹಾಗೆ ಕಣ್ಣು ತೇಲಿಸಿ ನಟಿಸಿ ತೋರಿಸಿದ್ದ. ಆಮೇಲೆ ಸುತ್ತ ನೋಡಿದ್ದ, ಯಾರು ನಗಲಿಲ್ಲ ಎಂದು ಗುರುತಿಟ್ಟುಕೊಳ್ಳುವುದಕ್ಕೆ. ಎಲ್ಲರೂ ನಕ್ಕರು. ಹೊಸಬಳಾದ ನಾನೂ ನಕ್ಕೆ.

ಆತನ ಇನ್ನೊಂದು ಜಂಬ ಊಟದ್ದು. “ಹನ್ನೊಂದು ಗಂಟೆ ತನಕ ನನಗೆ ಒಂದು ಗುಟುಕು ಕಪ್ಪು ಕಾಫಿ ಸಾಕು. ಇವಕ್ಕೆ ನೋಡಿ, ಎಂಟು ಗಂಟೆಗೇ ಬುತ್ತಿ ಬಿಚ್ಚಬೇಕು.” ಹಾಗೆನ್ನುವಾಗ ಆ ಹೊಟ್ಟೆಯೊಳಗೆ ಬೆಳಿಗ್ಗೆ ಚುಚ್ಚಿಕೊಂಡ ಇನ್ಸುಲಿನ್ ಕೆಲಸ ಮಾಡುತ್ತಿರುತ್ತಿತ್ತು. ಸಕ್ಕರೆ ಕಾಯಿಲೆ ಹಿಡಿದು ಹದಿನೈದು ವರ್ಷವಾಗಿದೆ ಎಂಬುದು ಗುಟ್ಟು. ಹೆಂಡತಿ ಮಕ್ಕಳು ನಾಪೋಕ್ಲಿನ ಮನೆಯಲ್ಲಿ, ಆತ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ಒಬ್ಬನೇ. ಅಲ್ಲಿ ಫ್ರಿಜ್ ಇರಲಿಲ್ಲ. ಹಾಗಾಗಿ ಔಷಧದ ಬಾಟಲಿಯನ್ನು ಒಂದು ಟಿಫಿನ್ ಡಬ್ಬಿಯಲ್ಲಿ ಹಾಕಿ ಡಿಸ್ಪೆನ್ಸರಿಯ ಫ್ರಿಜ್ಜಿನ ಹಿಂಬದಿಗೆ ತಳ್ಳಿದ್ದ. ಬೆಳಿಗ್ಗೆ, ಸಂಜೆ ‘ರಿಜಿಸ್ಟರ್ ನೋಡ್ಲಿಕ್ಕೆ’ ಎಂದು ಬಂದು, ಪರದೆ ಎಳೆದುಕೊಂಡು, ಚುಚ್ಚಿಕೊಂಡು ಹೋಗುತ್ತಿದ್ದ.

ಒಂದು ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ನಿಜವಾಗಿಯೂ ರಿಜಿಸ್ಟರಿಗೆ ಸಹಿ ಹಾಕಲು ಬಂದ. ಸಹಿ ಹಾಕಿದ. ಅದರ ಕೆಳಗೆ ಮತ್ತೊಮ್ಮೆ ಹಾಕಿದ. ಮತ್ತೊಮ್ಮೆ. ನಾನು “ಸಾರ್” ಎಂದೆ. ತಲೆಯೆತ್ತಿ ನನ್ನನ್ನು ನೋಡಿದ. ಆ ಕಣ್ಣಲ್ಲಿ ನಾನಿರಲಿಲ್ಲ. “ಈ ಗೋಡೆ ಯಾರು ಇಲ್ಲಿ ಇಟ್ಟದ್ದು?” ಎಂದು ದಪ್ಪ ನಾಲಿಗೆಯಲ್ಲಿ ಗದರಿದ. ಬೆರಳು ಚುಚ್ಚಿ ಮೆಷಿನ್‌ಗೆ ಹಿಡಿದೆ. ಅಷ್ಟು ಕಡಿಮೆ ಸಕ್ಕರೆಯಲ್ಲಿ ಮನುಷ್ಯ ನಿಂತಿರುವುದೇ ಹೆಚ್ಚು. ನನಗೆ ವಿಚಿತ್ರವೆನಿಸಿದ್ದು ಬೇರೆಯೇ: ನಾನು ಹಿಡಿದುಕೊಂಡಿದ್ದ ಆ ಕೈ ಒಣಗಿತ್ತು. ಒಂದು ಹನಿ ಬೆವರಿಲ್ಲ, ನಡುಕವಿಲ್ಲ. ಸಕ್ಕರೆ ಇಳಿದವರ ಮೈ ಬೆವರಿ ತೊಪ್ಪೆಯಾಗಿ, ಎದೆ ಹೊಡೆದುಕೊಂಡು, ಕೈ ಗಡಗಡ ಎನ್ನಬೇಕೆಂದು ನಾನು ಓದಿದ್ದೆ, ಕಂಡಿದ್ದೆ. ಈತ ಕಲ್ಲಿನ ಹಾಗಿದ್ದ.

ಗ್ಲೂಕೋಸ್ ನೀರು ಕುಡಿಸಿದೆ. ಹತ್ತು ನಿಮಿಷದಲ್ಲಿ ಕಣ್ಣೊಳಕ್ಕೆ ಮನುಷ್ಯ ವಾಪಸು ಬಂದ. ಬಂದವನು ಮೊದಲು ಮಾಡಿದ ಕೆಲಸ ಕಿಟಕಿಯಾಚೆ ಯಾರಾದರೂ ಇದ್ದಾರಾ ಎಂದು ನೋಡಿದ್ದು.

“ಇದು ಹೊರಗೆ ಹೋದ್ರೆ,” ಎಂದ, “ಈ ಡಿಸ್ಪೆನ್ಸರಿ ಇರುದಿಲ್ಲ. ಸಾಹೇಬ್ರಿಗೆ ಇದು ದಂಡ ಅಂತ ಮೊದ್ಲೇ ಉಂಟು. ನಾನು ಒಂದು ಮಾತು ಹೇಳಿದ್ರೆ ಸಾಕು, ನೀನು ಶನಿವಾರಸಂತೆ ಬಸ್ಸಿನಲ್ಲಿ.”

“ನೀವು ಜೀಪ್ ಓಡಿಸ್ತೀರಿ ಸಾರ್. ಹಿಂದೆ ಜನ ಇರ್ತಾರೆ ಕಣ್ರಿ.”

“ಅದೆಲ್ಲ ನಿನ್ನ ಮಂಡೆಯಲ್ಲಿ ಇರುದು. ನನ್ನ ಮೈ ನನಗೆ ಗೊತ್ತುಂಟು.”

ನಾನು ಬಾಯಿ ಮುಚ್ಚಿಕೊಂಡೆ. ಅದು ನನಗೆ ಸಿಕ್ಕಿದ್ದ ಮೊದಲ ಕೆಲಸ, ಬಿಡಲು ಮನಸ್ಸಿರಲಿಲ್ಲ. ಮುಂದಿನ ನಾಲ್ಕು ತಿಂಗಳಲ್ಲಿ ಇನ್ನೂ ಎರಡು ಸಲ ಹಾಗೇ ಆಯಿತು. ಎರಡು ಸಲವೂ ಪರದೆಯ ಹಿಂದೆ ಕೂರಿಸಿ ಸಕ್ಕರೆ ಕೊಟ್ಟೆ, ಎರಡು ಸಲವೂ ಬೈಸಿಕೊಂಡೆ. ಮರುಕ್ಷಣ ಆತ ಜೀಪಿನ ಬೀಗದ ಕೈ ತಿರುಗಿಸುತ್ತಾ ಹೊರಟುಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ.

ಪಿಕಿಂಗ್ ಜೋರಾಗಿದ್ದ ದಿನಗಳು. ಹಣ್ಣು ಕೊಯ್ಯುವವರನ್ನು ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಜೀಪಿನಲ್ಲಿ ಸಾಗಿಸುತ್ತಿದ್ದರು. ಹನ್ನೊಂದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಇಳಿಜಾರಿನಲ್ಲಿ ರಸ್ತೆ ಎಡಕ್ಕೆ ತಿರುಗುವ ಕಡೆ ಜೀಪು ತಿರುಗಲಿಲ್ಲ. ಬ್ರೇಕಿನ ಸದ್ದೂ ಬರಲಿಲ್ಲ ಎಂದು ಹಿಂದೆ ಕುಳಿತಿದ್ದವರು ಆಮೇಲೆ ಹೇಳಿದರು. ಯಾರೋ ಸಾವಕಾಶವಾಗಿ ತಳ್ಳಿದ ಹಾಗೆ ನೇರವಾಗಿ ಚರಂಡಿಗಿಳಿದು, ಸಿಲ್ವರ್ ಓಕ್ ಮರಕ್ಕೆ ಗುದ್ದಿ ಮಗುಚಿಕೊಂಡಿತು. ಹತ್ತು ಹೆಂಗಸರಲ್ಲಿ ಒಂಬತ್ತು ಜನರಿಗೆ ತರಚು ಗಾಯ. ಹತ್ತನೆಯವಳು ಪಾರ್ವತಿ, ಎಲ್ಲರೂ ಪಾರು ಎಂದು ಕರೆಯುತ್ತಿದ್ದವಳು, ಎಸ್ಟೇಟಿನಲ್ಲೇ ಅತಿ ಚುರುಕು ಕೈಯವಳು. ಅವಳ ಬಲಗಾಲು ಜೀಪಿನಡಿ ಸಿಕ್ಕಿತ್ತು.

ಕೂಗು ಕೇಳಿ ಡಿಸ್ಪೆನ್ಸರಿಯ ಚೀಲ ಹಿಡಿದು ಓಡಿಹೋದೆ. ಅಷ್ಟರಲ್ಲಿ ಗಂಡಸರು ಜೀಪು ಎತ್ತಲು ಹೆಗಲು ಕೊಟ್ಟಿದ್ದರು. ಪಾರು ಕಿರುಚುತ್ತಿದ್ದಳು. ಕಿರುಚುತ್ತಿದ್ದಾಳೆಂದರೆ ಉಸಿರಿದೆ, ಪ್ರಜ್ಞೆಯಿದೆ. ರೈಟರ್ ಸ್ಟೀರಿಂಗಿಗೆ ಒರಗಿ ಏನನ್ನೋ ಗೊಣಗುತ್ತಾ ನಗುತ್ತಿದ್ದ. ನಾನು ಅವಳನ್ನು ದಾಟಿ ಮೊದಲು ಆತನ ಹತ್ತಿರ ಹೋದೆ. ಬೆರಳು ಚುಚ್ಚಿ ನೋಡಿ, ಸಕ್ಕರೆ ಕಲಸಿ ಕೆನ್ನೆಯೊಳಗೆ ಸವರಿದೆ. ಆ ಕ್ಷಣಕ್ಕೆ ಮಾಡಬೇಕಾದದ್ದು ಅದೇ, ಯಾವ ಡಾಕ್ಟರಾದರೂ ಅದನ್ನೇ ಹೇಳುತ್ತಾರೆ. ಆದರೆ ಎಲ್ಲರೂ ಕಂಡದ್ದು ಸಿಸ್ಟರ್ ಪಾರುವನ್ನು ಬಿಟ್ಟು ರೈಟರ್ ಬಳಿ ಓಡಿದ್ದನ್ನು.

“ಕುಡಿದು ಓಡಿಸಿದ್ದಾನೆ!” ಎಂದು ಯಾರೋ ಕೂಗಿದರು. ಅಲ್ಲಿಂದ ಅದೇ ಸುದ್ದಿಯಾಯಿತು.

ಮರುದಿನ ಬಂಗಲೆಯ ವರಾಂಡದಲ್ಲಿ ಮ್ಯಾನೇಜರ್ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ರೈಟರ್ ತಲೆ ತಗ್ಗಿಸಿ ಹೇಳಿದ: “ತಪ್ಪಾಯ್ತು ಸಾರ್. ಬೆಳಿಗ್ಗೆ ಸ್ವಲ್ಪ ಹಾಕಿದ್ದೆ.”

ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆತ ಕುಡಿದಿರಲಿಲ್ಲ. ಆದರೆ ಕುಡಿದೆ ಎಂದರೆ ಗಂಡಸಿನ ತಪ್ಪು, ನಾಲ್ಕು ದಿನ ಬೈದು ಕ್ಷಮಿಸುವಂಥದ್ದು. ಕಾಯಿಲೆ ಎಂದರೆ ಕೈಲಾಗದವನು. ಒಬ್ಬಳ ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ಈತ ತನ್ನ ಗಂಡಸುತನವನ್ನು ಕೊಡೆಯ ಹಾಗೆ ಹಿಡಿದು ನಿಂತಿದ್ದಾನೆ! ಅಷ್ಟು ಹೇಸಿಗೆ ನನಗೆ ಯಾವ ಹುಣ್ಣು ತೊಳೆಯುವಾಗಲೂ ಆಗಿರಲಿಲ್ಲ. ಮ್ಯಾನೇಜರ್ ಮುಖದಲ್ಲಿ ನಿರಾಳ ಕಂಡಿತು. “ಯೂ ಫೂಲ್,” ಎಂದು ಗದರಿ, ಹೆಚ್ಚುಕಡಿಮೆ ಅಲ್ಲಿಗೇ ಮುಗಿಸುವವರಿದ್ದರು.

“ಇವ್ರು ಕುಡ್ದಿರ್ಲಿಲ್ಲ ಸಾರ್,” ಎಂದೆ. “ಇನ್ಸುಲಿನ್ ತಗೊಳ್ತಾರೆ. ಸಕ್ಕರೆ ಇಳಿದು ಮೆದುಳು ಮಂಕಾಗಿತ್ತು. ಇವ್ರ ಕೈಗೆ ಇನ್ನು ಜೀಪ್ ಕೊಡಬ್ಯಾಡಿ.”

ಮ್ಯಾನೇಜರ್ ನನ್ನ ಕಡೆ ತಿರುಗಿದರು. “ನಿಮಗೆ ಇದು ಯಾವಾಗ ಗೊತ್ತಾಯ್ತು?”

“ನಿನ್ನೆ ಸಾರ್. ಚುಚ್ಚಿ ನೋಡಿದಾಗ.”

ಅಷ್ಟು ಸಲೀಸಾಗಿ ಬಂತು ಆ ಸುಳ್ಳು. ರೈಟರ್ ನಿಧಾನವಾಗಿ ತಲೆಯೆತ್ತಿ ನನ್ನನ್ನು ನೋಡಿದ. ಡಿಸ್ಪೆನ್ಸರಿಯ ಫ್ರಿಜ್ಜಿನಲ್ಲಿದ್ದ ಡಬ್ಬಿ, ಮೂರು ಸಲ ಕುಡಿಸಿದ ಗ್ಲೂಕೋಸ್, ಎಲ್ಲವೂ ಆತನ ನಾಲಿಗೆಯ ತುದಿಯಲ್ಲಿತ್ತು. ಆಗಷ್ಟೇ ಆತನ ಮಾನ ಕಳೆದವಳು ನಾನು. ಒಂದು ಮಾತಿನಲ್ಲಿ ನನ್ನನ್ನೂ ಜೊತೆಗೆಳೆದು ಬೀಳಬಹುದಿತ್ತು.

“ಹೌದು ಸಾರ್,” ಎಂದ. “ಇವಳಿಗೆ ಗೊತ್ತಿರ್ಲಿಲ್ಲ. ನಾನೇ ಮುಚ್ಚಿಟ್ಟದ್ದು.”

ಜೀಪು ಆತನ ಕೈತಪ್ಪಿತು. ಕೆಲಸ ಉಳಿಯಿತು, ಸ್ಟೋರಿನ ಲೆಕ್ಕ ನೋಡಿಕೊಳ್ಳಲು. ಎಸ್ಟೇಟಿನ ಜನ ನನ್ನನ್ನು ಹೊಗಳಿದರು. ಸಿಸ್ಟರ್ ಇಲ್ಲದಿದ್ದರೆ ಸತ್ಯ ಹೊರಬರುತ್ತಿರಲಿಲ್ಲ ಎಂದರು. ನಾನು ತಿದ್ದಲಿಲ್ಲ.

ಒಂದು ವಾರ ಕಳೆದ ಮೇಲೆ ಆತ ಡಿಸ್ಪೆನ್ಸರಿಗೆ ಬಂದ. ಪರದೆ ಎಳೆಯದೆ ಸ್ಟೂಲಿನ ಮೇಲೆ ಕುಳಿತ. “ನನಗೆ ಯಾಕೆ ಗೊತ್ತಾಗ್ಲಿಲ್ಲ?” ಎಂದು ಕೇಳಿದ. “ಹತ್ತು ವರ್ಷದ ಹಿಂದೆ ಗೊತ್ತಾಗ್ತಿತ್ತು. ಬೆವರು ಬರ್ತಿತ್ತು, ಒಂದು ಬೆಲ್ಲ ಬಾಯಿಗೆ ಹಾಕ್ತಿದ್ದೆ. ಈಗ ಎಂತದೂ ಇಲ್ಲ. ತಿರುವು ಕಂಡದ್ದು ನೆನಪುಂಟು. ಆಮೇಲೆ ನಿನ್ನ ಮುಖ.”

ನನಗೂ ಉತ್ತರ ಗೊತ್ತಿರಲಿಲ್ಲ. ಪೊನ್ನಂಪೇಟೆಯ ಒಬ್ಬ ಡಾಕ್ಟರಮ್ಮನ ಬಳಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಆತ ನನ್ನ ಪಕ್ಕ ಕೂರಲಿಲ್ಲ. ನರ್ಸಿನ ಜೊತೆ ಹೋಗುವುದು ಯಾರಿಗಾದರೂ ಕಂಡರೆ ಎಂದು ಡ್ರೈವರ್ ಹಿಂದಿನ ಸೀಟಿನಲ್ಲಿ ಪೇಪರ್ ಅಡ್ಡ ಹಿಡಿದು ಕುಳಿತಿದ್ದ.

ಡಾಕ್ಟರಮ್ಮ ಅಂಗಿ ಎತ್ತಿಸಿ ಗಂಟುಗಳನ್ನು ಒತ್ತಿ ನೋಡಿದರು. ಅಲ್ಲಿ ಚುಚ್ಚಿದ ಔಷಧ ಒಂದು ದಿನ ರಕ್ತಕ್ಕೆ ಸೇರುವುದೇ ಇಲ್ಲ, ಇನ್ನೊಂದು ದಿನ ಒಮ್ಮೆಲೇ ನುಗ್ಗುತ್ತದೆ ಎಂದರು. ಆಮೇಲೆ ಒಂದು ಚೀಟಿಯ ಹಿಂದೆ ತಲೆಯ ಚಿತ್ರ ಬರೆದರು.

“ಮೆದುಳಿಗೆ ಸಕ್ಕರೆಯೇ ಊಟ. ಅದು ಕೂಡಿಟ್ಟುಕೊಳ್ಳುವುದು ಬಹಳ ಕಡಿಮೆ, ಹಾಗಾಗಿ ರಕ್ತದ ಸಕ್ಕರೆ ಮೇಲೆ ಯಾವಾಗಲೂ ಕಣ್ಣಿಟ್ಟಿರುತ್ತೆ. ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಅಂತ ಇದೆ, ಬಾದಾಮಿಯಷ್ಟು. ಸಕ್ಕರೆ ಇಳೀತು ಅಂತ ಅದಕ್ಕೆ ತಿಳಿದರೆ ನರಗಳ ಮೂಲಕ ಆರ್ಡರ್ ಹೋಗುತ್ತೆ. ಕಿಡ್ನಿ ಮೇಲಿರುವ ಗ್ರಂಥಿ ಅಡ್ರಿನಲಿನ್ ಸುರಿಯುತ್ತೆ. ಮೇದೋಜೀರಕ ಗ್ಲುಕಗಾನ್ ಬಿಡುತ್ತೆ. ಎರಡೂ ಸೇರಿ ಲಿವರ್‌ಗೆ ‘ಕೂಡಿಟ್ಟ ಸಕ್ಕರೆ ಹೊರಗೆ ಹಾಕು’ ಅಂತ ಹೇಳ್ತವೆ. ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ನಿಧಾನಕ್ಕೆ ಹಿಂದಿನಿಂದ ಸಹಾಯಕ್ಕೆ ಬರ್ತವೆ. ಬೆವರು, ನಡುಕ, ಎದೆ ಹೊಡೆತ, ಹಸಿವು, ಇದೆಲ್ಲ ಆ ಆರ್ಡರ್‌ನ ಸದ್ದು. ಹೋಗಿ ತಿನ್ನು ಅಂತ ನಿಮಗೆ ಎಚ್ಚರಿಕೆ.”

“ನನಗೆ ಆ ಎಚ್ಚರಿಕೆ ಇಲ್ಲವಲ್ಲ?”

“ನಿಮ್ಮ ಸಕ್ಕರೆ ಮತ್ತೆ ಮತ್ತೆ ಇಳಿದಿದೆ. ಪ್ರತಿ ಸಲ ಇಳಿದಾಗಲೂ ಮೆದುಳು ಅದಕ್ಕೆ ಒಗ್ಗಿಕೊಂಡಿದೆ. ಮೊದಲು ಗಾಬರಿಯಾಗುತ್ತಿದ್ದ ಮಟ್ಟಕ್ಕೆ ಈಗ ಅದು ಏಳುವುದೇ ಇಲ್ಲ. ತೀರಾ ಕೆಳಗಿಳಿದ ಮೇಲೆ ಏಳುತ್ತೆ. ಅಷ್ಟರಲ್ಲಿ ಯೋಚನೆ ಮಾಡುವ ಭಾಗವೇ ಹಸಿದು ಮಂಕಾಗಿರುತ್ತೆ. ತೊಂದರೆ ನಿಮ್ಮ ಹೊಟ್ಟೆಯಲ್ಲಿಲ್ಲ, ಇಲ್ಲಿದೆ,” ಎಂದು ತಮ್ಮ ತಲೆ ಮುಟ್ಟಿ ತೋರಿಸಿದರು.

ಅದೆಲ್ಲ ಮಂಡೆಯಲ್ಲಿ ಇರುದು ಮಾರಾಯ್ತಿ. ನಾನು ಕಿಟಕಿ ಕಡೆ ತಿರುಗಿ ನಗು ನುಂಗಿಕೊಂಡೆ. ಎಷ್ಟೋ ದಿನಗಳ ಮೇಲೆ ಬಂದ ಸಂತೋಷವದು, ಸುಳ್ಳು ಹೇಳುವುದಿಲ್ಲ.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ, “ಆ ಡಾಕ್ಟರ್ ಹೇಳಿದ್ದು ಎಂತ?” ಎಂದು ಕೇಳಿದ. ನಾನು ಹೇಳಿದೆ: “ಆಳುಗಳ ಲೈನ್ ಮನೆ ಹತ್ರ ಆನೆ ಬಂದ್ರೆ ಕಾವಲಿನ ವಾಚರ್ ಪಟಾಕಿ ಹೊಡೀತಾನಲ್ರಿ. ದಿನಾ ಬಂದು ಬಂದು ಆನೆ ಅಭ್ಯಾಸ ಆಗೋದ್ರೆ, ಅಂಗಳಕ್ಕೆ ಬಂದ್ರೂ ಅವ್ನು ಏಳಲ್ಲ. ನಿಮ್ ವಾಚರ್ ಮಲಗವ್ನೆ. ಕೆಲವು ವಾರ ಒಂದು ಆನೆನೂ ಬರ್ದಂಗೆ ನೋಡ್ಕಂಡ್ರೆ, ಆಮೇಲೆ ಬಂದಾಗ ಮತ್ತೆ ಬೆಚ್ಚಿ ಏಳ್ತಾನೆ.”

“ವಾಚರನ್ನು ಡಿಸ್‌ಮಿಸ್ ಮಾಡ್ಲಿಕ್ಕೆ ಆಗುದಿಲ್ವಾ?” ಎಂದ. ಅದು ತಮಾಷೆಯಲ್ಲ. ಆತನಿಗೆ ಗೊತ್ತಿದ್ದ ಪರಿಹಾರ ಅದೊಂದೇ.

ಔಷಧದ ಅಳತೆ ಇಳಿಯಿತು. ಆತ ನುಂಗುತ್ತಿದ್ದ, ಎಚ್ಚರಿಸಬೇಕಾದ ಎದೆಬಡಿತವನ್ನು ಅಡಗಿಸಿಡುತ್ತಿದ್ದ ಬಿಪಿ ಮಾತ್ರೆಯೂ ಬದಲಾಯಿತು. ಗಂಟು ಬಿಟ್ಟು ತೊಡೆಗೆ, ದಿನಕ್ಕೊಂದು ಜಾಗಕ್ಕೆ ಚುಚ್ಚಬೇಕು. ಬೆಳಿಗ್ಗೆ ಎಂಟಕ್ಕೆ ತಿನ್ನಲೇಬೇಕು. ಸಕ್ಕರೆ ಸ್ವಲ್ಪ ಹೆಚ್ಚೇ ಇರಲಿ, ಒಂದು ಸಲವೂ ಇಳಿಯಕೂಡದು. ದಿನಕ್ಕೆ ಐದಾರು ಸಲ ಬೆರಳು ಚುಚ್ಚಿ ನೋಡುವ ಕೆಲಸ ನನ್ನದಾಯಿತು. ಅಂಥ ರೋಗಿ ಶತ್ರುವಿಗೂ ಬೇಡ. ಸೂಜಿ ಕಂಡರೆ ಮುಖ ತಿರುಗಿಸಿ ಹಲ್ಲು ಕಚ್ಚುತ್ತಿದ್ದ. ರಾಗಿ ರೊಟ್ಟಿ ಸರಿಯಿಲ್ಲ, ನನ್ನ ಕೈ ಒರಟು, ಡಾಕ್ಟರಿಗೆ ಏನೂ ಗೊತ್ತಿಲ್ಲ. ಒಂದು ದಿನ ತಡೆಯಲಾಗದೆ, “ಪಾರುನ ನೋಡ್ಕಂಡು ಬಂದ್ರಾ?” ಎಂದು ಕೇಳಿದೆ.

“ಕಾಲು ಹೋದದ್ದಲ್ಲ. ಮುರಿದದ್ದು,” ಎಂದ. ಅಷ್ಟೇ. ಆತ ಅವಳನ್ನು ನೋಡಲು ಹೋಗಲೇ ಇಲ್ಲ. ಕಾಲಿಗೆ ರಾಡು ಹಾಕಿಸಿಕೊಂಡು ಅವಳು ಕುಂಟುತ್ತಾ ಲೈನಿಗೆ ಮರಳಿದ ದಿನ ಸ್ಟೋರಿನ ಬಾಗಿಲು ಮುಚ್ಚಿಕೊಂಡು ಒಳಗಿದ್ದ.

ಮೂರು ವಾರ ದಾಟಿದ ಮೇಲೆ ಒಂದು ಮುಂಜಾನೆ ಸ್ಟೋರಿನಿಂದ ಡಿಸ್ಪೆನ್ಸರಿಯವರೆಗೂ ಗೋಡೆ ಹಿಡಿದುಕೊಂಡು ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಹಣೆಯಿಂದ ಬೆವರು ತೊಟ್ಟಿಕ್ಕಿ ಬಣ್ಣ ಹಚ್ಚಿದ ಕೂದಲ ಕಪ್ಪು ಕೆನ್ನೆಗಿಳಿದಿತ್ತು. ಎರಡೂ ಕೈ ಮುಂದೆ ಚಾಚಿ ತೋರಿಸಿದ. ಬೆರಳುಗಳು ಒಂದೇ ಸಮ ನಡುಗುತ್ತಿದ್ದವು.

“ಇದೇನಾ?” ಎಂದ. ಅದು ದೊಡ್ಡ ಹೆದರಿಕೆಯ ಧ್ವನಿ. ನಾನು ಆತನಿಂದ ಹಿಂದೆಂದೂ ಕೇಳದ ಧ್ವನಿ.

“ಇದೇ ಕಣ್ರಿ.”

ಸಕ್ಕರೆ ಸ್ವಲ್ಪವೇ ಇಳಿದಿತ್ತು. ತಲೆ ಪೂರ್ತಿ ನೆಟ್ಟಗಿತ್ತು, ತಾನೇ ನಡೆದು ಬಂದಿದ್ದ, ತಾನೇ ಗ್ಲೂಕೋಸ್ ಕಲಸಿ ಕುಡಿದ. ನಡುಕ ನಿಲ್ಲುವವರೆಗೂ ತನ್ನ ಕೈಯನ್ನೇ ನೋಡುತ್ತಾ ಕುಳಿತಿದ್ದ. ಕಣ್ಣು ತುಂಬಿಬಂದಿತ್ತು ಎಂದರೆ ಆತನಿಗೆ ಇಲ್ಲದ ದೊಡ್ಡತನ ಕೊಟ್ಟಂತಾಗುತ್ತದೆ. ಬೆವರೂ ಇರಬಹುದು. ಆ ಹೊತ್ತಿನಲ್ಲಿ ಧೈರ್ಯ ಮಾಡಿ ಕೇಳಿದೆ: “ಅವತ್ತು ಬಂಗ್ಲೇಲಿ ನನ್ ಹೆಸ್ರು ಯಾಕೆ ಹೇಳ್ಲಿಲ್ಲ?”

ಬಾಚಣಿಗೆ ತೆಗೆದು ಕೂದಲು ಸರಿಮಾಡಿಕೊಂಡ. “ನಿನ್ನನ್ನು ಕಳಿಸಿದ್ರೆ ನನ್ನ ಡಬ್ಬಿಗೆ ಫ್ರಿಜ್ ಎಲ್ಲಿ?” ಎಂದು ಎದ್ದುಹೋದ.

ಆ ಉತ್ತರವನ್ನು ನಾನು ಎಷ್ಟು ಸಲ ತಿರುವಿಹಾಕಿದ್ದೇನೋ ಲೆಕ್ಕವಿಲ್ಲ. ನಿಜವಾಗಿಯೂ ಅಷ್ಟೇ ಇದ್ದಿರಬಹುದು. ಹೆಸರು ಹೇಳುವಷ್ಟು ದೊಡ್ಡವಳು ನಾನಲ್ಲ ಎಂಬ ತಾತ್ಸಾರವೂ ಇರಬಹುದು. ಅಥವಾ, ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಒಂದು ಸಲ, ಒಂದೇ ಒಂದು ಸಲ, ಆತ ಒಳ್ಳೆಯವನಾಗಿ ಅದನ್ನು ಮುಚ್ಚಿಡಲು ಹಾಗೆಂದಿರಬಹುದು. ಕಾಯಿಲೆ ಮುಚ್ಚಿಟ್ಟವನಿಗೆ ಅದೇನು ಕಷ್ಟ? ಯಾವುದೇ ಇರಲಿ, ನನ್ನ ನೌಕರಿ ಉಳಿದದ್ದು ಆತನ ಆ ಒಂದು ಮಾತಿನಿಂದ. ನಾನು ಹೀನಾಯವಾಗಿ ಕಂಡ ಮನುಷ್ಯನ ಮೌನದ ಮೇಲೆ ನನ್ನ ಒಳ್ಳೆಯ ಹೆಸರು ನಿಂತಿತ್ತು. ಇದಕ್ಕಿಂತ ಕಹಿಯಾದ ಉಪಕಾರ ನನಗೆ ಯಾರಿಂದಲೂ ಆಗಿಲ್ಲ.

ಎರಡು ವರ್ಷದ ನಂತರ ಒಂದು ಭಾನುವಾರ, ನಾಪೋಕ್ಲಿನ ಬಸ್ಸಿನಲ್ಲಿ ಕುಳಿತಲ್ಲೇ ಆತ ಹೋಗಿಬಿಟ್ಟ. ಸಕ್ಕರೆ ಇಳಿದಿರಬೇಕು ಎಂದು ಎಲ್ಲರೂ ಅಂದುಕೊಂಡರು. ಮಣ್ಣಿಗೆ ಹೋದಾಗ ಆತನ ಹೆಂಡತಿ ಅಂಗಿಯ ಜೇಬಿನಲ್ಲಿದ್ದ ಸಕ್ಕರೆ ನೋಡುವ ಮೆಷಿನ್ ತಂದು ನನ್ನ ಕೈಗಿಟ್ಟಳು. ಬಸ್ಸು ಹತ್ತುವ ಮುಂಚೆ ನೋಡಿಕೊಂಡಿದ್ದ ಅಂಕಿ ಅದರಲ್ಲಿತ್ತು. ಸರಿಯಾಗಿಯೇ ಇತ್ತು. ನಿಂತದ್ದು ಹೃದಯ. ಅಲ್ಲಿ ನನಗೆ ಅಳು ಬರಲಿಲ್ಲ. ಸಮಾಧಾನವೂ ಬರಲಿಲ್ಲ. ಬಂದದ್ದು ಒಂದೇ ಯೋಚನೆ: ಬಂಗಲೆಯಲ್ಲಿ ನಾನು ಹೇಳಿದ ಸುಳ್ಳು ಇನ್ನು ಗೊತ್ತಿರುವುದು ನನ್ನೊಬ್ಬಳಿಗೇ. ಬಾಯಿ ಮುಚ್ಚಿಕೊಂಡರೆ ಮುಗಿಯಿತು.

ಆ ಯೋಚನೆ ಬಂದದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು. ರೈಟರ್ ಮೇಲೆ ಆದಷ್ಟೇ.

ಮರುದಿನ ಬೆಳಿಗ್ಗೆ ಕಣಕ್ಕೆ ಹೋದೆ. ಗುಡ್ಡ ಹತ್ತಿ ಹಣ್ಣು ಕೊಯ್ಯಲು ಈಗ ಪಾರುವಿಗೆ ಆಗುವುದಿಲ್ಲ. ಒಣಗಿದ ಕಾಫಿ ಬೀಜದಲ್ಲಿ ಕಪ್ಪು ಆರಿಸುವ ಕೆಲಸ ಕೊಟ್ಟಿದ್ದಾರೆ. ಬಲಗಾಲು ನೀಡಿಕೊಂಡು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಎದುರಿಗೆ ಕುಳಿತೆ.

“ಪಾರು, ಆ ಜೀಪಿನ ದಿನಕ್ಕಿಂತ ಮೊದಲೇ ರೈಟರ್ ಕಾಯ್ಲೆ ನನಗೆ ಗೊತ್ತಿತ್ತು. ನಾಲ್ಕು ತಿಂಗಳಿಂದ. ಹೇಳಿದ್ರೆ ನಿನ್ನ ಕಾಲು ಉಳೀತಿತ್ತು.”

ಅವಳ ಬೆರಳು ನಿಲ್ಲಲಿಲ್ಲ. ಒಂದು ಕಪ್ಪು, ಇನ್ನೊಂದು ಕಪ್ಪು ಆರಿಸಿ ಪಕ್ಕಕ್ಕೆ ಹಾಕಿದಳು. ನನ್ನನ್ನು ನೋಡದೆ ಕೇಳಿದಳು: “ಅವ್ರು ಇರುವಾಗ ಯಾಕೆ ಹೇಳ್ಲಿಲ್ಲ ಸಿಸ್ಟರ್? ಅವ್ರ ಹೆದರಿಕೆಯಾ?”

“ಇಲ್ಲ. ನಿನ್ನ ಹೆದರಿಕೆ.”

ಅವಳು ತಟ್ಟೆಯನ್ನು ಒಮ್ಮೆ ಅಲುಗಾಡಿಸಿ ಬೀಜ ಹರಡಿದಳು.

“ಸ್ವಲ್ಪ ಆಚೆ ಕೂತ್ಕೊಳ್ಳಿ,” ಎಂದಳು. “ಬೆಳಕಿಗೆ ಅಡ್ಡ ಆಗ್ತಾ ಉಂಟು.”

ನಾನು ಎದ್ದು ಆಚೆ ಸರಿದು ಕುಳಿತೆ.